ದಾಳಿಯ ಸುದ್ದಿಯ ನಂತರ: ಜನರ ಆರೋಗ್ಯದ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರು

ಆಹಾರ ಸುರಕ್ಷತಾ ಅಧಿಕಾರಿಗಳು ದಾಳಿ ನಡೆಸಿದರು, ಮಾದರಿ ಸಂಗ್ರಹಿಸಿದರು, ಪ್ರಯೋಗಾಲಯಕ್ಕೆ ಕಳುಹಿಸಿಕೊಟ್ಟರು. ಮಂಗಳೂರು, ಉಡುಪಿಯ ಓದುಗರಿಗೆ ಇದು ಚಿರಪರಿಚಿತ ಸುದ್ದಿ. ಗೋಬಿ ಮಂಚೂರಿಯ ಗಾಡಿ, ಐಸ್‌ಕ್ರೀಂ ಘಟಕ, ಮೀನಿನ ಲಾರಿ, ನೋಂದಣಿಯಿಲ್ಲದ ಕ್ಲಿನಿಕ್ಕು: ಜಾಗ ಬದಲಾಗುತ್ತದೆ, ವಾಕ್ಯಗಳು ಬದಲಾಗುವುದಿಲ್ಲ. ಆಮೇಲೆ ಏನಾಯಿತು ಎಂಬುದು ಮಾತ್ರ ಪತ್ರಿಕೆಗೆ ಬರುವುದು ಅಪರೂಪ. ಆ 'ಆಮೇಲೆ' ನಡೆಯುವುದು ಕೋರ್ಟಿನಲ್ಲಿ, ಹೆಚ್ಚಾಗಿ ಯಾರೂ ನೋಡದ ಕಡೆ, ಸಾಮಾನ್ಯವಾಗಿ ಹಲವು ವರ್ಷಗಳ ಕಾಲ. ಅಲ್ಲಿ ಜನರ ಆರೋಗ್ಯದ ಪರವಾಗಿ ಎದ್ದು ನಿಲ್ಲುವವರು ಸರ್ಕಾರದ ವಕೀಲರು. ಅವರು ಯಾರು, ಅವರ ಕೆಲಸ ಎಲ್ಲಿ ಕೂಡಿಬರುತ್ತದೆ, ಎಲ್ಲಿ ಕೈಜಾರುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ನನ್ನ ತಿಳಿವಳಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ವಕೀಲರು ಕಡತವನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ಪ್ರಕರಣದ ಹಣೆಬರಹ ಬಹುಪಾಲು ಬರೆದಾಗಿರುತ್ತದೆ. ಅದನ್ನು ಬರೆಯುವುದು ಮಹಜರು, ಅಂದರೆ ದಾಳಿಯ ಜಾಗದಲ್ಲೇ ಪಂಚರ (ಸ್ಥಳೀಯ ಸಾಕ್ಷಿಗಳ) ಎದುರು ಬರೆದ ದಾಖಲೆ.

ನಮ್ಮ ಜನ 'ಸರ್ಕಾರಿ ವಕೀಲರು' ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಆದರೆ ಆ ಒಂದು ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಹುದ್ದೆಗಳಿವೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸರ್ಕಾರದ ಪರ ಕ್ರಿಮಿನಲ್ ಪ್ರಕರಣ ನಡೆಸುವವರು ಸಹಾಯಕ ಸರ್ಕಾರಿ ಅಭಿಯೋಜಕರು. ಇವರು ಇಲಾಖೆಯ ಕಾಯಂ ನೌಕರರು, ವರ್ಗಾವಣೆ ಇರುವವರು. ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರಿರುತ್ತಾರೆ. ಆ ಹುದ್ದೆಗೆ ಕನಿಷ್ಠ 7 ವರ್ಷ ವಕೀಲಿ ಮಾಡಿರಬೇಕು. ನಿರ್ದಿಷ್ಟ ಪ್ರಕರಣಕ್ಕೆಂದೇ ನೇಮಿಸುವ ವಿಶೇಷ ಸರ್ಕಾರಿ ಅಭಿಯೋಜಕರಿಗೆ 10 ವರ್ಷದ ಅನುಭವ ಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದ ಈ ಷರತ್ತುಗಳು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿವೆ. ಸಿವಿಲ್ ದಾವೆಗಳಿಗೆ ಜಿಲ್ಲಾ ಸರ್ಕಾರಿ ವಕೀಲರು. ಹೈಕೋರ್ಟಿನಲ್ಲಿ ಸರ್ಕಾರಿ ವಕೀಲರ ಒಂದು ದೊಡ್ಡ ಬಳಗ, ಅದರ ಮೇಲೆ ಸಂವಿಧಾನದ 165ನೇ ವಿಧಿಯ ಪ್ರಕಾರ ನೇಮಕಗೊಂಡ ಅಡ್ವೊಕೇಟ್ ಜನರಲ್.

ಈ ಹುದ್ದೆಗಳು ಕರಾವಳಿಗೆ ಹೊಸತಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಸರ್ಕಾರಿ ವಕೀಲರೂ ಅಭಿಯೋಜಕರೂ ಆಗಿದ್ದವರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, 1973ರಲ್ಲಿ ತಮ್ಮನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಬಂದರು. ದೇರಳಕಟ್ಟೆಯಲ್ಲಿ ಅವರ ಹೆಸರಿನ ವೈದ್ಯಕೀಯ ಕಾಲೇಜು ಇದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ, ಒಬ್ಬ ಅಭಿಯೋಜಕರ ಹೆಸರು ಆಸ್ಪತ್ರೆಯ ಬಾಗಿಲಿನ ಮೇಲಿರುವುದು ನನಗೆ ಬಹಳ ಸರಿಯಾದ ಸಂಗತಿಯಾಗಿ ಕಾಣುತ್ತದೆ. ಉಡುಪಿಯ ಬೆಳಪುವಿನ ಬಿ.ವಿ. ಆಚಾರ್ಯ ಐದು ಬಾರಿ ಕರ್ನಾಟಕದ ಅಡ್ವೊಕೇಟ್ ಜನರಲ್ ಆದರು, ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ವಿಶೇಷ ಅಭಿಯೋಜಕರಾಗಿ ನಿಂತರು. ಹಣ, ಭೂಮಿ, ಅಧಿಕಾರದ ವ್ಯಾಜ್ಯಗಳಲ್ಲಿ ಸರ್ಕಾರದ ಪರ ಹಿರಿಯರು ನಿಲ್ಲುವ ಪರಂಪರೆ ನಮ್ಮಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ. ಜನರ ತಟ್ಟೆಗೆ, ಔಷಧಿಗೆ, ಹೆರಿಗೆಗೆ ಸಂಬಂಧಿಸಿದ ವ್ಯಾಜ್ಯಗಳಿಗೆ ಆ ಹಿರಿತನ ಸಿಗುವುದು ಕಡಿಮೆ. ಅವು ಕಳ್ಳತನ, ಅಪಘಾತ, ಹೊಡೆದಾಟದ ಕಡತಗಳ ನಡುವೆ, ದಿನಕ್ಕೆ ಹತ್ತಾರು ಪ್ರಕರಣ ನೋಡುವ ಸಹಾಯಕ ಅಭಿಯೋಜಕರ ಮೇಜಿಗೆ ಬರುತ್ತವೆ.

ಒಂದು ಕಲ್ಪಿತ ಪ್ರಕರಣವನ್ನು ಹಿಡಿದು ಹೋಗೋಣ. ಮೀನು ಎಂದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಮಂಗಳೂರಿನ ಒಂದು ಮೀನು ಮಾರಾಟ ಕೇಂದ್ರದಲ್ಲಿ ಕೆಡದಂತೆ ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದ ದ್ರಾವಣ) ಹಾಕಿದ ಬಂಗುಡೆ ಮಾರುತ್ತಿದ್ದಾರೆ ಎಂಬ ದೂರು ಬಂತು ಎಂದುಕೊಳ್ಳಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತಾಧಿಕಾರಿಯ (ಜಿಲ್ಲೆಯಲ್ಲಿ ಈ ಕಾಯಿದೆಯ ಜಾರಿಯ ಹೊಣೆ ಹೊತ್ತ ಅಧಿಕಾರಿಯ) ಸುಪರ್ದಿಗೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಮಾರಾಟಗಾರ ಬಯಸಿದರೆ ಅದನ್ನು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿ ತಪ್ಪು ಎಂದು ಮಾರಾಟಗಾರನಿಗೆ ಅನಿಸಿದರೆ ಮೇಲ್ಮನವಿ ಸಲ್ಲಿಸಿ ಉಲ್ಲೇಖ ಪ್ರಯೋಗಾಲಯದ ಪರೀಕ್ಷೆ ಕೇಳಬಹುದು.

ಈ ಎರಡನೇ ಪರೀಕ್ಷೆಯ ಹಕ್ಕು ಕಾಗದದ ಶಿಷ್ಟಾಚಾರವಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಮೊಸರಿನ ಪ್ರಕರಣವನ್ನು ತೀರ್ಮಾನಿಸಿತು. ಆರೋಪಿ ಎರಡನೇ ಪರೀಕ್ಷೆ ಕೇಳುವ ಹೊತ್ತಿಗೆ ಮಾದರಿ ಕೆಟ್ಟುಹೋಗಿತ್ತು. ಮೊಕದ್ದಮೆ ಹೂಡುವಲ್ಲಿ ಆದ ವಿಳಂಬದಿಂದ ಆರೋಪಿಯ ಅಮೂಲ್ಯ ಹಕ್ಕು ಕಳೆದುಹೋಯಿತು, ಶಿಕ್ಷೆ ವಿಧಿಸಲಾಗದು ಎಂದಿತು ನ್ಯಾಯಾಲಯ. ಅದು ಹಳೆಯ ಕಲಬೆರಕೆ ತಡೆ ಕಾಯಿದೆಯ ಕಾಲದ ತೀರ್ಪು. ಆದರೂ ಅದರ ತರ್ಕ ಇಂದಿಗೂ ಪ್ರತಿವಾದಿ ವಕೀಲರ ಕೈಯ ಆಯುಧ. ಮೊಸರಿಗೇ ಹೀಗಾದರೆ ಕರಾವಳಿಯ ಸೆಕೆಯಲ್ಲಿ ಮೀನಿನ ಗತಿ ಏನು? ಮಾದರಿ ಎಷ್ಟು ಗಂಟೆಗೆ ತೆಗೆದದ್ದು, ಮಂಜುಗಡ್ಡೆಯಲ್ಲಿ ಇಟ್ಟದ್ದು ಯಾವಾಗ, ಯಾವ ವಾಹನದಲ್ಲಿ ಹೋಯಿತು, ಪ್ರಯೋಗಾಲಯದಲ್ಲಿ ಸ್ವೀಕರಿಸಿದವರು ಮೊಹರು ಸರಿಯಿತ್ತು ಎಂದು ಬರೆದಿದ್ದಾರೆಯೇ? ಇವೆಲ್ಲ ಮಹಜರಿನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೂರು ವರ್ಷದ ನಂತರ ಸಾಕ್ಷಿಕಟ್ಟೆಯಲ್ಲಿ ನಿಂತು ನೆನಪಿನಿಂದ ಹೇಳಿದರೆ ಅದಕ್ಕೆ ತೂಕ ಬರುವುದಿಲ್ಲ.

ವಿಜ್ಞಾನದ ಭಾಗ ಇನ್ನೂ ಸೂಕ್ಷ್ಮ. ಮೀನು ಸತ್ತ ಮೇಲೆ ಅದರ ದೇಹದಲ್ಲಿರುವ ಒಂದು ಸಂಯುಕ್ತ ಒಡೆದು ಸ್ವಾಭಾವಿಕವಾಗಿಯೇ ಸ್ವಲ್ಪ ಫಾರ್ಮಾಲ್ಡಿಹೈಡ್ ಉಂಟಾಗುತ್ತದೆ. ಕೆಲವು ಜಾತಿಯ ಮೀನುಗಳಲ್ಲಿ ಅದು ಹೆಚ್ಚು. ಹೀಗಾಗಿ 'ಫಾರ್ಮಾಲ್ಡಿಹೈಡ್ ಪತ್ತೆಯಾಗಿದೆ' ಎಂಬ ಒಂದು ಸಾಲಿನ ವರದಿ ಹಿಡಿದು ಕೋರ್ಟಿಗೆ ಹೋದ ಅಭಿಯೋಜಕರಿಗೆ ಮೊದಲ ಪಾಟೀಸವಾಲಿನಲ್ಲೇ ಪೆಟ್ಟು ಬೀಳುತ್ತದೆ. ಎಷ್ಟು ಪ್ರಮಾಣ? ಯಾವ ಜಾತಿಯ ಮೀನು? ಹೊರಗಿನಿಂದ ಸೇರಿಸಿದ್ದೇ, ತಾನಾಗಿಯೇ ಹುಟ್ಟಿದ್ದೇ? ವಕೀಲರಿಗೆ ರಸಾಯನಶಾಸ್ತ್ರ ಗೊತ್ತಿರಬೇಕಿಲ್ಲ, ಆದರೆ ವಿಶ್ಲೇಷಕರನ್ನು ಸಾಕ್ಷಿ ಹೇಳಿಸುವ ಮೊದಲು ಅವರ ಜೊತೆ ಅರ್ಧ ದಿನ ಕುಳಿತು ಈ ಪ್ರಶ್ನೆಗಳನ್ನು ಕೇಳಿರಬೇಕು. ಆ ಅರ್ಧ ದಿನ ಸಹಾಯಕ ಅಭಿಯೋಜಕರಿಗೆ ಎಲ್ಲಿಂದ ಸಿಗಬೇಕು?

ವರದಿ ಬಂದ ಮೇಲೆ ದಾರಿ ಎರಡಾಗುತ್ತದೆ. ಆಹಾರ ಕಳಪೆಯಾಗಿದ್ದರೆ, ಅಥವಾ ಪೊಟ್ಟಣದ ಮೇಲೆ ಸುಳ್ಳು ಮಾಹಿತಿ ಇದ್ದರೆ ಅದು ಕ್ರಿಮಿನಲ್ ಕೋರ್ಟಿಗೆ ಹೋಗುವುದೇ ಇಲ್ಲ. ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆಯಿಲ್ಲದ ನ್ಯಾಯನಿರ್ಣಯ ಅಧಿಕಾರಿ ವಿಚಾರಣೆ ನಡೆಸಿ ದಂಡ ಹಾಕುತ್ತಾರೆ: ಕಳಪೆಗೆ 5 ಲಕ್ಷ ರೂಪಾಯಿವರೆಗೆ, ತಪ್ಪು ಲೇಬಲ್ಲಿಗೆ 3 ಲಕ್ಷದವರೆಗೆ. ಆಹಾರ 'ಅಸುರಕ್ಷಿತ' ಎಂದು ವರದಿ ಬಂದರೆ ಮಾತ್ರ ಜೈಲಿನ ಮಾತು. ಅದನ್ನು ತಿಂದು ಯಾರಾದರೂ ಸತ್ತರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, ಕನಿಷ್ಠ 10 ಲಕ್ಷ ದಂಡ. ಈ ಎರಡು ದಾರಿಗಳ ನಡುವೆ ಆಯ್ಕೆ ಮಾಡುವುದೇ ಒಂದು ಕಾನೂನು ನಿರ್ಧಾರ. ಅಲ್ಲಿ ಹಿರಿಯ ವಕೀಲರ ಸಲಹೆ ಬೇಕು, ಆದರೆ ಅವರು ಕಡತಕ್ಕೆ ಪ್ರವೇಶಿಸುವುದು ಈ ನಿರ್ಧಾರ ಆದ ಮೇಲೆಯೇ. ಜೊತೆಗೆ ಗಡಿಯಾರ ಓಡುತ್ತಿರುತ್ತದೆ: ಅಪರಾಧ ನಡೆದ ಒಂದು ವರ್ಷದೊಳಗೆ ನ್ಯಾಯಾಲಯ ಪ್ರಕರಣವನ್ನು ಪರಿಗಣಿಸಬೇಕು. ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಲಿಖಿತ ಕಾರಣ ಕೊಟ್ಟು ಅದನ್ನು ಮೂರು ವರ್ಷದವರೆಗೆ ವಿಸ್ತರಿಸಬಹುದು.

ಪೊಲೀಸರಿಗೆ ದೂರು ಕೊಟ್ಟು ಹಳೆಯ ದಂಡ ಸಂಹಿತೆಯ ಕಲಬೆರಕೆ ಕಲಮುಗಳನ್ನು ಹಾಕಿಸಿದರೆ ಬೇಗ ಆಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. 2024ರ ಫೆಬ್ರುವರಿಯಲ್ಲಿ ರಾಮನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ದಾರಿಯನ್ನು ಮುಚ್ಚಿತು. ಆಹಾರ ಸುರಕ್ಷತಾ ಕಾಯಿದೆ ಇರುವ ಕಡೆ ದಂಡ ಸಂಹಿತೆಯ 272, 273ನೇ ಕಲಮುಗಳ ಮೇಲೆ ಅದೇ ಮೇಲುಗೈ, ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ ಎಂದು ಹೇಳಿತು. ಉತ್ಸಾಹದಿಂದ ಹಾಕಿದ ತಪ್ಪು ಕಲಮು, ಹಾಕದೇ ಇದ್ದ ಪ್ರಕರಣಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಯಾಕೆಂದರೆ ಅದು ರದ್ದಾಗುವ ಹೊತ್ತಿಗೆ ಸರಿಯಾದ ದಾರಿಯ ಕಾಲಮಿತಿ ಮುಗಿದಿರುತ್ತದೆ.

ಕರಾವಳಿಗೆ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಮಹಜರು ಕನ್ನಡದಲ್ಲಿರುತ್ತದೆ. ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿರುತ್ತದೆ. ಪಂಚರಾಗಿ ಸಹಿ ಹಾಕಿದ ಪಕ್ಕದ ಅಂಗಡಿಯವರು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಯೋಚಿಸುವವರು. 'ಮೊಹರು ಮಾಡಿದ್ದನ್ನು ನೋಡಿದಿರಾ' ಎಂದು ಕೋರ್ಟಿನಲ್ಲಿ ಕೇಳಿದಾಗ, ಅರಗಿನ ಮೊಹರನ್ನು ಕಣ್ಣಾರೆ ಕಂಡವರೂ ಆ ಶಬ್ದದ ಎದುರು ತಡವರಿಸುತ್ತಾರೆ. ಕಟ್ಟಿ, ಮುಚ್ಚಿ, ಮೇಣ ಹಾಕಿದ್ದನ್ನು ನೋಡಿದಿರಾ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದರು. ಪಂಚರು ಪ್ರತಿಕೂಲ ಸಾಕ್ಷಿಗಳಾದರು ಎಂದು ನಾವು ಸುಲಭವಾಗಿ ಬರೆಯುತ್ತೇವೆ. ಕೆಲವರು ಹೆದರಿ ತಿರುಗುತ್ತಾರೆ, ಕೆಲವರು ನೆರೆಹೊರೆಯ ದಾಕ್ಷಿಣ್ಯಕ್ಕೆ ತಿರುಗುತ್ತಾರೆ, ಕೆಲವರಿಗೆ ಪ್ರಶ್ನೆಯೇ ಅರ್ಥವಾಗಿರುವುದಿಲ್ಲ. ಈ ಮೂರನೆಯವರನ್ನು ಉಳಿಸಿಕೊಳ್ಳುವುದು ಊರಿನ ಭಾಷೆ ಬಲ್ಲ ಅಭಿಯೋಜಕರಿಗೆ ಸಾಧ್ಯ. ಅದು ಯಾವ ನೇಮಕಾತಿ ಅಧಿಸೂಚನೆಯಲ್ಲೂ ಇಲ್ಲದ ಅರ್ಹತೆ.

ಈಗ ಇನ್ನೊಂದು ಬಗೆಯ ಪ್ರಕರಣಕ್ಕೆ ಬರೋಣ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆ ಇದು. 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ಜಾಲ ಬಯಲಾದಾಗ ಇಡೀ ರಾಜ್ಯ ಬೆಚ್ಚಿತು. ನಮ್ಮ ಕಡೆ ಇದೆಲ್ಲ ಇಲ್ಲ ಎಂಬ ಮಾತು ಆಗ ಕೇಳಿಬಂತು, 2011ರ ಜನಗಣತಿಯಲ್ಲಿ ಉಡುಪಿಯಲ್ಲಿ ಸಾವಿರ ಪುರುಷರಿಗೆ 1,094 ಮಹಿಳೆಯರು, ದಕ್ಷಿಣ ಕನ್ನಡದಲ್ಲಿ 1,020 ಎಂಬ ಅಂಕಿಯನ್ನು ಮುಂದಿಟ್ಟುಕೊಂಡು. ಆದರೆ ದುಡಿಯಲು ಮುಂಬಯಿಗೆ, ಗಲ್ಫಿಗೆ ಹೋದ ಗಂಡಸರು ಈ ಲೆಕ್ಕದಲ್ಲಿ ಇಲ್ಲ. ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ ಎಣಿಸಿದರೆ ಎರಡೂ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳು ಸಾವಿರಕ್ಕಿಂತ ಕಡಿಮೆ ಇದ್ದಾರೆ. ಮೇಲಿನ ದೊಡ್ಡ ಅಂಕಿ ನೋಡಿ ನಿಶ್ಚಿಂತರಾಗುವಂತಿಲ್ಲ.

ಈ ಕಾಯಿದೆಯಲ್ಲಿ ಪೊಲೀಸರ ದೋಷಾರೋಪ ಪಟ್ಟಿಯ ಮೇಲೆ ನ್ಯಾಯಾಲಯ ಮುಂದುವರಿಯುವುದಿಲ್ಲ. 28ನೇ ಕಲಮಿನ ಪ್ರಕಾರ ಸಕ್ಷಮ ಪ್ರಾಧಿಕಾರ (ಈ ಕಾಯಿದೆಯ ಜಾರಿಗೆಂದು ಸರ್ಕಾರ ನೇಮಿಸಿದ ಅಧಿಕಾರಿಗಳು), ಇಲ್ಲವೇ ಅದಕ್ಕೆ ಮೊದಲೇ ನೋಟಿಸ್ ಕೊಟ್ಟ ನಾಗರಿಕರು ದೂರು ಸಲ್ಲಿಸಬೇಕು. ಮೊದಲ ಅಪರಾಧಕ್ಕೆ 3 ವರ್ಷದವರೆಗೆ ಜೈಲು. ಜಾಮೀನು ರಹಿತ, ರಾಜಿಗೆ ಅವಕಾಶವಿಲ್ಲದ ಅಪರಾಧ ಇದು. ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವುದರಿಂದ, ದೂರಿನ ಮೇಲೆ ನಡೆಯುವ ಈ ವಿಚಾರಣೆಯಲ್ಲಿ ಆರೋಪ ಹೊರಿಸುವ ಮೊದಲೇ ಒಂದು ಸುತ್ತು ಸಾಕ್ಷ್ಯ ದಾಖಲಾಗಬೇಕು. ಆರೋಪ ಹೊರಿಸಿದ ಮೇಲೆ ಅದೇ ಸಾಕ್ಷಿಗಳನ್ನು ಮತ್ತೆ ಕರೆದು ಪಾಟೀಸವಾಲು ಮಾಡುವ ಹಕ್ಕು ಆರೋಪಿಗೆ ಇದೆ. ಇದರ ಅರ್ಥವನ್ನು ಬದುಕಿನ ಭಾಷೆಯಲ್ಲಿ ಹೇಳುವುದಾದರೆ, ಉಡುಪಿಯಲ್ಲಿ ಸ್ಕ್ಯಾನಿಂಗ್ ಕೇಂದ್ರ ತಪಾಸಣೆ ಮಾಡಿದ ವೈದ್ಯಾಧಿಕಾರಿ ಕಲಬುರಗಿಗೆ ವರ್ಗವಾದ ಮೇಲೂ ಮತ್ತೆ ಮತ್ತೆ ಬಂದು ಸಾಕ್ಷಿ ಹೇಳಬೇಕು. ಒಂದು ಸಲ ಬಂದಾಗ ಆರೋಪಿಯ ವಕೀಲರು ಕಾಲಾವಕಾಶ ಕೇಳಿದರೆ ಮತ್ತೊಂದು ಪ್ರಯಾಣ. ಹೊಸ ಸಂಹಿತೆ ಇನ್ನೊಂದು ಮೆಟ್ಟಿಲು ಸೇರಿಸಿದೆ: ದೂರನ್ನು ಪರಿಗಣಿಸುವ ಮೊದಲು ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಆರೋಪಿಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ದೂರು ಗಟ್ಟಿಯಾಗಿ ಬರೆಯದಿದ್ದರೆ ಅದು ಹೊಸ್ತಿಲಲ್ಲೇ ಎಡವುತ್ತದೆ.

ಇಂಥ ಪ್ರಕರಣಗಳ ಕೇಂದ್ರದಲ್ಲಿರುವುದು 'ಎಫ್' ನಮೂನೆ. ಗರ್ಭಿಣಿಗೆ ಪ್ರತಿ ಸ್ಕ್ಯಾನ್ ಮಾಡುವಾಗ ತುಂಬಬೇಕಾದ ದಾಖಲೆ ಅದು: ಯಾರು ಕಳುಹಿಸಿದರು, ಯಾವ ವೈದ್ಯಕೀಯ ಕಾರಣಕ್ಕೆ, ಏನು ಕಂಡಿತು, ಭ್ರೂಣದ ಲಿಂಗ ತಿಳಿಸಿಲ್ಲ ಎಂಬ ಘೋಷಣೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಸನ್ನೆಯಿಂದ ನಡೆದುಹೋಗುವ ಅಪರಾಧಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಹಾಗಾಗಿ ಕಾಯಿದೆ ದಾಖಲೆಯ ಲೋಪವನ್ನೇ ಉಲ್ಲಂಘನೆ ಎಂದು ಪರಿಗಣಿಸಿ, ಅಲ್ಲ ಎಂದು ತೋರಿಸುವ ಹೊಣೆಯನ್ನು ವೈದ್ಯರ ಮೇಲೆ ಹಾಕುತ್ತದೆ. ಗುಮಾಸ್ತನ ಕೈತಪ್ಪಿಗೂ ವೈದ್ಯರು ಜೈಲಿಗೆ ಹೋಗಬೇಕೇ ಎಂದು ಪ್ರಸೂತಿ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಮೇ ತಿಂಗಳಲ್ಲಿ ಬಂದ ತೀರ್ಪು ಕಾಯಿದೆಯನ್ನು ಎತ್ತಿಹಿಡಿಯಿತು. ಈ ನಮೂನೆಯ ಖಾಲಿ ಜಾಗಗಳನ್ನು ಕೇವಲ ಬರಹದ ತಪ್ಪು ಎಂದು ಕರೆಯಲಾಗದು ಎಂದಿತು.

ಆ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಅದು ಅಭಿಯೋಜಕರ ಹೆಗಲ ಮೇಲೆ ಇಟ್ಟ ಭಾರವನ್ನೂ ನೋಡಬೇಕು. ಕಾನೂನು ಇಷ್ಟು ಬಲ ಕೊಟ್ಟಾಗ, ವಿಳಾಸದಲ್ಲಿ ಪಿನ್ ಕೋಡ್ ಬಿಟ್ಟುಹೋದ ವೈದ್ಯರನ್ನೂ, ಕಳುಹಿಸಿದ ವೈದ್ಯರ ಹೆಸರೇ ಇಲ್ಲದೆ ನೂರಾರು ಸ್ಕ್ಯಾನ್ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಅಧಿಕಾರಿಗೆ ಹೇಳಬಲ್ಲವರು ವಕೀಲರು ಮಾತ್ರ. ಅಭಿಯೋಜಕರು ನ್ಯಾಯಾಲಯದ ಅಧಿಕಾರಿಗಳೂ ಹೌದು, ಶಿಕ್ಷೆ ಗಿಟ್ಟಿಸುವುದಷ್ಟೇ ಅವರ ಕೆಲಸವಲ್ಲ. ದುರ್ಬಲ ಪ್ರಕರಣಗಳನ್ನು ದಾಖಲಿಸಿ ಸಂಖ್ಯೆ ತೋರಿಸುವ ಆಸೆ ಎಲ್ಲ ಇಲಾಖೆಗಳಿಗೂ ಇರುತ್ತದೆ. ಅಂಥ ಹತ್ತು ಪ್ರಕರಣಗಳು ಖುಲಾಸೆಯಾದಾಗ ಹನ್ನೊಂದನೆಯ, ನಿಜವಾದ ಪ್ರಕರಣದ ಮೇಲೂ ಸಂಶಯ ಬೀಳುತ್ತದೆ.

ಕೇಂದ್ರವನ್ನು ಮುಚ್ಚಿಸುವ ಆದೇಶಗಳದ್ದು ಬೇರೆಯೇ ಕತೆ. ನೋಟಿಸ್ ಕೊಡದೆ ನೋಂದಣಿ ಅಮಾನತು ಮಾಡುವ ಅಧಿಕಾರ ಕಾಯಿದೆಯಲ್ಲಿದೆ, ಆದರೆ ಸಾರ್ವಜನಿಕ ಹಿತಕ್ಕಾಗಿ ಅದು ಅಗತ್ಯ ಎಂಬುದಕ್ಕೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಆ ಎರಡು ಸಾಲು ಬರೆಯದಿದ್ದರೆ ಕೇಂದ್ರದ ಮಾಲೀಕರು ಬೆಂಗಳೂರಿಗೆ ಹೋಗಿ ರಿಟ್ ಅರ್ಜಿ ಹಾಕಿ ತಡೆಯಾಜ್ಞೆ ತರುತ್ತಾರೆ. ನಮ್ಮ ಎರಡೂ ಜಿಲ್ಲೆಗಳು ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠಕ್ಕೆ ಸೇರಿವೆ. ಅಲ್ಲಿನ ಸರ್ಕಾರಿ ವಕೀಲರಿಗೆ ಇಲ್ಲಿಂದ ಕಂಡಿಕೆವಾರು ಉತ್ತರ ಹೋಗಬೇಕು, ದಾಖಲೆ ಹೋಗಬೇಕು, ವಿಷಯ ಬಲ್ಲ ಅಧಿಕಾರಿ ಶಿರಾಡಿ ಘಾಟಿ ಹತ್ತಿ ಹೋಗಬೇಕು. ಮಳೆಗಾಲದಲ್ಲಿ ಆ ಘಾಟಿಯ ಪಾಡು ಕರಾವಳಿಯವರಿಗೆ ಗೊತ್ತು. ಮಂಗಳೂರಿಗೆ ಹೈಕೋರ್ಟ್ ಪೀಠ ಬೇಕೆಂದು ಇಲ್ಲಿನ ವಕೀಲರು ಕೇಳುತ್ತಾ ಬಂದಿರುವುದರ ಹಿಂದೆ ಈ ದೂರದ ಅನುಭವವೂ ಇದೆ.

ಸರ್ಕಾರದ ವಕೀಲರು ಯಾವಾಗಲೂ ರೋಗಿಯ ಪರವಾಗಿಯೇ ನಿಂತಿರುತ್ತಾರೆ ಎಂದು ಭಾವಿಸಬಾರದು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ತಡೆಯಲೆಂದು ಕರ್ನಾಟಕ ಕೇರಳದ ಗಡಿಯನ್ನು ಮುಚ್ಚಿತು. ಹಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಕಾಸರಗೋಡಿನ ಜನಕ್ಕೆ ಮಂಗಳೂರು ಬೇರೆ ರಾಜ್ಯದ ನಗರವಲ್ಲ, ಕಾಯಿಲೆ ಬಂದಾಗ ಹೋಗುವ ಹತ್ತಿರದ ಪೇಟೆ. ಡಯಾಲಿಸಿಸ್, ಹೃದಯದ ಚಿಕಿತ್ಸೆ, ಹೆರಿಗೆ ಎಲ್ಲಕ್ಕೂ ಅವರು ತಲೆಮಾರುಗಳಿಂದ ಇಲ್ಲಿಗೇ ಬಂದವರು. ಗಡಿ ದಾಟಲಾಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿಯ ತಡೆ ತೆರವು ಮಾಡಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಮತ್ತು ಕೇಂದ್ರ ಆರೋಗ್ಯ ಕಾರ್ಯದರ್ಶಿ ಕೂತು ರೋಗಿಗಳ ಸಂಚಾರಕ್ಕೆ ಮಾನದಂಡ ರೂಪಿಸಲಿ ಎಂದಿತು. ಏಪ್ರಿಲ್ 7ರಂದು, ಒಪ್ಪಂದವಾಗಿದೆ ಎಂದು ಸಾಲಿಸಿಟರ್ ಜನರಲ್ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು.

ಈ ಪ್ರಕರಣ ನನ್ನನ್ನು ಬಹಳ ಕಾಡಿದೆ. ಕಾನೂನಿನ ಮಾತಿನಲ್ಲಿ ಎರಡೂ ಕಡೆ 'ಸಾರ್ವಜನಿಕ ಆರೋಗ್ಯ' ಇತ್ತು: ಒಂದು ಕಡೆ ಸೋಂಕು ಹರಡದಂತೆ ತಡೆಯುವ ರಾಜ್ಯದ ಹೊಣೆ, ಇನ್ನೊಂದು ಕಡೆ ಬದುಕುವ ಹಕ್ಕಿನೊಳಗೆ ತುರ್ತು ಚಿಕಿತ್ಸೆಯ ಹಕ್ಕೂ ಸೇರಿದೆ ಎಂದು 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದ ಮಾತು. ರೋಗಿಯ ತಪಾಸಣೆ ಗಡಿಯಲ್ಲೇ ನಡೆಯಲಿ, ವೈದ್ಯರ ಪ್ರಮಾಣಪತ್ರ ಇರಲಿ, ಆಂಬುಲೆನ್ಸ್ ಹೋಗಲಿ ಎಂಬ ವ್ಯವಸ್ಥೆ ಏಳನೇ ತಾರೀಕಿಗೆ ಬಂತು. ಮಣ್ಣು ಸುರಿಯುವ ಮೊದಲ ದಿನವೇ ಸಾರ್ವಜನಿಕ ಆರೋಗ್ಯ ಕಾನೂನು ಬಲ್ಲ ಹಿರಿಯ ವಕೀಲರೊಬ್ಬರು ಅಧಿಕಾರಿಗಳ ಮೇಜಿನ ಪಕ್ಕ ಇದ್ದಿದ್ದರೆ, ಅದೇ ವ್ಯವಸ್ಥೆ ಮೊದಲ ದಿನವೇ ಬರುವ ಸಾಧ್ಯತೆ ಇತ್ತು. ಸರ್ಕಾರಕ್ಕೆ ಹೀಗೆ ಮಾಡಬೇಡಿ ಎನ್ನುವುದೂ ಸರ್ಕಾರಿ ವಕೀಲರ ಕೆಲಸವೇ.

ತಂಬಾಕಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ದೆಹಲಿಯಲ್ಲಿ ತೀರ್ಮಾನವಾದದ್ದು. ಪ್ಯಾಕೆಟ್ಟಿನ 85 ಶೇಕಡಾ ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ 2014ರ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದು ಮಾಡಿತು. ಮುಂದಿನ ತಿಂಗಳು, ಜನವರಿ 8ರಂದು, ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕೇಂದ್ರದ ಪರ ಆಗ ಅಟಾರ್ನಿ ಜನರಲ್ ಆಗಿದ್ದವರು ಮಂಗಳೂರಿನಲ್ಲಿ ಬೆಳೆದ ಕೆ.ಕೆ. ವೇಣುಗೋಪಾಲ್. ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ತಾಯಂದಿರ ಜಿಲ್ಲೆ ನಮ್ಮದು. ತಂಬಾಕು ನಿಯಂತ್ರಣದ ಪ್ರತಿಯೊಂದು ಪ್ರಕರಣದ ಬೆನ್ನಿಗೆ ಅವರ ಅನ್ನದ ಪ್ರಶ್ನೆಯೂ ಇರುತ್ತದೆ. ತಂಬಾಕು ನಿಯಂತ್ರಣ ಕಾಯಿದೆಗೆ ರಾಜ್ಯ ತಂದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿ, ತಂಬಾಕು ಮಾರಾಟದ ವಯೋಮಿತಿ 21ಕ್ಕೆ ಏರಿತು, ಹುಕ್ಕಾ ಬಾರ್ ನಡೆಸುವುದು ಜೈಲು ಶಿಕ್ಷೆಯ ಅಪರಾಧವಾಯಿತು. ಸೊಳ್ಳೆಗಳ ವಿಷಯದಲ್ಲೂ ಹೀಗೆಯೇ: 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗೆ 400, ನಿರ್ಮಾಣ ಹಂತದ ಕಟ್ಟಡಕ್ಕೆ 2,000 ರೂಪಾಯಿ ದಂಡ ಗೊತ್ತುಪಡಿಸಲಾಯಿತು. ಮಲೇರಿಯಾದ ಜೊತೆ ದಶಕಗಳಿಂದ ಸೆಣಸುತ್ತಿರುವ ಮಂಗಳೂರಿನಲ್ಲಿ, ಹತ್ತು ಅಂತಸ್ತು ಕಟ್ಟುತ್ತಿರುವವರಿಗೆ ಎರಡು ಸಾವಿರ ಹೆಚ್ಚೇನೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಆರೋಗ್ಯ ಯೋಜನೆಗಳ ಹಣದ ವಂಚನೆಯ ಪ್ರಶ್ನೆ ಉಳಿಯಿತು. ಮಾಡದ ಶಸ್ತ್ರಚಿಕಿತ್ಸೆಗೆ ಬಿಲ್, ಒಳರೋಗಿಯಾಗಿರದವರ ಹೆಸರಿನಲ್ಲಿ ಬಿಲ್: ಇಂಥ ವಂಚನೆ ಯಾವ ದೇಶದ ಸಾರ್ವಜನಿಕ ವಿಮೆಗೂ ಹೊಸತಲ್ಲ. ಅಮೆರಿಕದಲ್ಲಿ ಬಡವರ ಚಿಕಿತ್ಸೆಗಾಗಿ 1965ರಲ್ಲಿ ಆರಂಭವಾದ ಮೆಡಿಕೈಡ್ ಯೋಜನೆಗೆ ವಂಚನೆ ತಡೆಯುವ ಪ್ರತ್ಯೇಕ ಘಟಕಗಳಿವೆ. ಅವು ಸಾಮಾನ್ಯವಾಗಿ ಆಯಾ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲೇ ಇರುತ್ತವೆ. ಒಂದೇ ಸೂರಿನಡಿ ತನಿಖಾಧಿಕಾರಿ, ಲೆಕ್ಕ ಪರಿಶೋಧಕರು, ವಕೀಲರು, ಅವರನ್ನು ಮುನ್ನಡೆಸುವ ಒಬ್ಬ ಹಿರಿಯ ವಕೀಲರು. ಕಡತ ಹುಟ್ಟುವಾಗಲೇ ವಕೀಲರ ಕಣ್ಣು ಅದರ ಮೇಲಿರುತ್ತದೆ. ಜೊತೆಗೆ 1863ರಷ್ಟು ಹಳೆಯ ಸುಳ್ಳು ಬಿಲ್ಲುಗಳ ಕಾಯಿದೆಯಡಿ ಮೂರು ಪಟ್ಟು ನಷ್ಟ ವಸೂಲಿ ಮಾಡಬಹುದು. ವಂಚನೆ ಬಯಲಿಗೆಳೆದ ಒಳಗಿನ ನೌಕರನಿಗೆ ವಸೂಲಾದ ಹಣದಲ್ಲಿ 15ರಿಂದ 30 ಶೇಕಡಾದವರೆಗೆ ಪಾಲು ಸಿಗುತ್ತದೆ.

ನಮ್ಮ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಆಸ್ಪತ್ರೆಗಳನ್ನು ಒಪ್ಪಂದದ ಮೂಲಕ ಸೇರಿಸಿಕೊಳ್ಳಲಾಗುತ್ತದೆ. ತಪ್ಪು ಕಂಡರೆ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹಣ ವಾಪಸು ಕೇಳಬಹುದು, ದಂಡ ಹಾಕಬಹುದು, ಪಟ್ಟಿಯಿಂದ ಕೈಬಿಡಬಹುದು. ಜೈಲು ಶಿಕ್ಷೆ ಆಗಬೇಕಾದರೆ ಮತ್ತೆ ಸಾಮಾನ್ಯ ವಂಚನೆ, ನಕಲಿ ದಾಖಲೆ ಸೃಷ್ಟಿಯ ಕಲಮುಗಳ ಅಡಿಯಲ್ಲಿ ಪೊಲೀಸ್ ದೂರು, ಮತ್ತೆ ಅದೇ ಸಹಾಯಕ ಅಭಿಯೋಜಕರ ಮೇಜು. ಅಮೆರಿಕದ ಕಾನೂನನ್ನು ಇಲ್ಲಿಗೆ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ. ಜಿಲ್ಲೆಗೊಬ್ಬರಲ್ಲದಿದ್ದರೆ ಕಂದಾಯ ವಿಭಾಗಕ್ಕೊಬ್ಬರಾದರೂ ಆರೋಗ್ಯ ಪ್ರಕರಣಗಳಿಗೆಂದೇ ಹಿರಿಯ ಅಭಿಯೋಜಕರು ಇರಬೇಕು. ಅವರು ಆಹಾರ ಸುರಕ್ಷತಾ ಅಧಿಕಾರಿಗೆ ಮಹಜರು ಬರೆಯುವುದನ್ನು ಕಲಿಸಬೇಕು, ಅಮಾನತು ಆದೇಶದ ಕರಡನ್ನು ಸಹಿಗೆ ಮೊದಲು ಓದಬೇಕು, ವರ್ಗವಾದ ವೈದ್ಯಾಧಿಕಾರಿಯ ಸಾಕ್ಷ್ಯಕ್ಕೆ ದಿನ ನಿಗದಿ ಮಾಡಿಸಿಕೊಳ್ಳಬೇಕು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ವಿಶೇಷ ಅಭಿಯೋಜಕರನ್ನು ನೇಮಿಸುವ ಅಧಿಕಾರ ಸರ್ಕಾರಕ್ಕೆ ಈಗಲೇ ಇದೆ.

ಅಲ್ಲಿಯವರೆಗೆ ಸಾಮಾನ್ಯ ನಾಗರಿಕರಿಗೂ ಕಾನೂನಿನಲ್ಲಿ ಜಾಗವಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಭ್ರೂಣಲಿಂಗ ಪತ್ತೆಯ ಬಗ್ಗೆ ಗೊತ್ತಾದ ಯಾರೇ ಆದರೂ ಸಕ್ಷಮ ಪ್ರಾಧಿಕಾರಕ್ಕೆ 15 ದಿನಕ್ಕೆ ಕಡಿಮೆಯಿಲ್ಲದ ನೋಟಿಸ್ ಕೊಟ್ಟು ತಾವೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಆಹಾರದ ವಿಷಯದಲ್ಲಿ 40ನೇ ಕಲಮಿನ ಪ್ರಕಾರ ಯಾವುದೇ ಗ್ರಾಹಕ ತಾನು ಕೊಂಡದ್ದನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯಿದೆಯ ಉಲ್ಲಂಘನೆ ಕಂಡುಬಂದರೆ ಆ ಶುಲ್ಕ ವಾಪಸು ಸಿಗುತ್ತದೆ, ವರದಿ ಅಂಕಿತಾಧಿಕಾರಿಗೆ ಹೋಗುತ್ತದೆ. ಒಂದು ಷರತ್ತಿದೆ: ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರಾಟಗಾರನಿಗೆ ತಿಳಿಸಿರಬೇಕು. ರಸೀದಿ ಪಡೆಯಿರಿ, ದಿನಾಂಕ ಮತ್ತು ಗಂಟೆ ಬರೆದುಕೊಳ್ಳಿ, ಜೊತೆಯಲ್ಲಿದ್ದವರ ಹೆಸರು ಗುರುತು ಹಾಕಿಕೊಳ್ಳಿ. ಪಾಟೀಸವಾಲಿನಲ್ಲಿ ಮೊದಲು ಕೇಳುವುದು ಅದನ್ನೇ.